ಪತಂಗದ ಕಥೆ ಚೆನ್ನಾಗಿದೆ, ಆದರೆ ‘ಬಗ್’ ಹುಟ್ಟಿದ್ದು ಅದರಿಂದಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ವಿಜ್ಞಾನದ ಪುಟದ ಮೂಲೆಯಲ್ಲಿ ಒಂದು ಚಿಕ್ಕ ಬಾಕ್ಸ್ ಇತ್ತು. 1945ರಲ್ಲಿ ಗ್ರೇಸ್ ಹಾಪರ್ ಎಂಬ ವಿಜ್ಞಾನಿ ಕಂಪ್ಯೂಟರಿನೊಳಗೆ ಸತ್ತು ಬಿದ್ದಿದ್ದ ಪತಂಗವನ್ನು ಹುಡುಕಿ ತೆಗೆದರು, ಅವತ್ತಿನಿಂದ ಕಂಪ್ಯೂಟರಿನ ತಪ್ಪಿಗೆ ‘ಬಗ್’ (ಇಂಗ್ಲಿಷಿನಲ್ಲಿ ಹುಳ) ಎಂಬ ಹೆಸರು ಬಂತು ಅಂತ. ಇದ್ದಿದ್ದು ನಾಲ್ಕೇ ಸಾಲು, ಅದರಲ್ಲಿ ಮೂರು ತಪ್ಪು. ಅದೇ ದಿನ ಮುಖಪುಟದಲ್ಲಿ ಹ್ಯಾಕರ್‌ಗಳು ಯಾರೋ ನಿವೃತ್ತ ನೌಕರರ ದುಡ್ಡು ದೋಚಿದರು ಎಂಬ ಸುದ್ದಿ. ಪೂರ್ತಿ ಓದಿದರೆ, ಒಬ್ಬ ಫೋನ್ ಮಾಡಿ ಓಟಿಪಿ ಕೇಳಿದ್ದಾನೆ, ಇವರು ಪಾಪ ಹೇಳಿದ್ದಾರೆ. ಇದರಲ್ಲಿ ಹ್ಯಾಕಿಂಗ್ ಎಲ್ಲಿ ಬಂತು? ಇದಕ್ಕೆ ಕನ್ನಡದಲ್ಲಿ ಟೋಪಿ ಹಾಕೋದು ಅಂತಾರೆ.

ಪತ್ರ ಉದ್ದ ಆಗುತ್ತೆ, ಈಗಲೇ ಹೇಳಿಬಿಡುತ್ತೇನೆ. ಕತ್ತರಿ ಹಾಕುವುದಿದ್ದರೆ ಹಾಕಿ, ಆದರೆ ಹುಳುಕಿನ ಪ್ಯಾರಾ ಮಾತ್ರ ತೆಗೆಯಬೇಡಿ.

ನಾನು ಪಾಲಿಟೆಕ್ನಿಕ್ ಒಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದವನು. ಈ ಪತಂಗದ ಕಥೆಯನ್ನು ನಾನೂ ಹತ್ತು ಹದಿನೈದು ಬ್ಯಾಚಿಗೆ ಹೇಳಿದ್ದೇನೆ. ಮೊದಲ ಕ್ಲಾಸಿನಲ್ಲಿ ಹುಡುಗರನ್ನು ಎಚ್ಚರವಾಗಿಡಲು ಇದಕ್ಕಿಂತ ಒಳ್ಳೆಯ ಕಥೆ ಇಲ್ಲ. ನನ್ನ ಗ್ರಹಚಾರಕ್ಕೆ ಒಂದು ವರ್ಷ ಕೊನೆಯ ಬೆಂಚಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. “ಸಾರ್, ಪತಂಗ ಹಿಡಿದವರು ‘ನಿಜವಾದ ಬಗ್’ ಅಂತ ಬರೆದಿದ್ದಾರೆ ಅಂದ್ರಿ. ಹಾಗಾದ್ರೆ ಅದಕ್ಕೂ ಮುಂಚೆ ಸುಳ್ಳು ಬಗ್ ಇತ್ತಾ?” ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ, ಯಾಕೆಂದರೆ ಅವಳು ಕೇಳಿದ್ದು ನೂರಕ್ಕೆ ನೂರು ಸರಿ ಇತ್ತು.

ನಡೆದದ್ದು ಹೀಗೆ. 1947ರ ಸೆಪ್ಟೆಂಬರ್ 9, ಹಾರ್ವರ್ಡ್ ವಿಶ್ವವಿದ್ಯಾಲಯ. ಯಂತ್ರದ ಹೆಸರು ಮಾರ್ಕ್ 2, ಅಮೆರಿಕದ ನೌಕಾಪಡೆಗಾಗಿ ಕಟ್ಟಿದ್ದು. ಟ್ರಾನ್ಸಿಸ್ಟರ್ ಇನ್ನೂ ಬಂದಿರಲಿಲ್ಲ. ಒಳಗೆಲ್ಲ ರಿಲೇಗಳು. ಕರೆಂಟು ಬಂದರೆ ಟಕ್ ಅಂತ ಅಂಟಿಕೊಳ್ಳುವ, ಹೋದರೆ ಟಕ್ ಅಂತ ಬಿಡಿಸಿಕೊಳ್ಳುವ ಸ್ವಿಚ್ಚುಗಳು. ಸ್ಟೆಬಿಲೈಸರ್ ಬಿಚ್ಚಿ ನೋಡಿದವರಿಗೆ ಗೊತ್ತಿರುತ್ತೆ. ಮಧ್ಯಾಹ್ನ 3.45ಕ್ಕೆ ಆಪರೇಟರ್‌ಗಳಿಗೆ ಎಫ್ ಪ್ಯಾನೆಲ್ಲಿನ 70ನೇ ನಂಬರ್ ರಿಲೇಯಲ್ಲಿ ಸಿಕ್ಕಿಕೊಂಡಿದ್ದ ಪತಂಗ ಕಾಣಿಸಿತು. ಅದನ್ನು ತೆಗೆದು, ದಿನದ ಕೆಲಸ ಬರೆದಿಡುವ ಲಾಗ್ ಪುಸ್ತಕದ ಪುಟಕ್ಕೆ ಟೇಪ್ ಹಾಕಿ ಅಂಟಿಸಿದರು. ಕೆಳಗೆ, ಬಗ್ ನಿಜವಾಗಲೂ ಸಿಕ್ಕಿದ ಮೊದಲ ಪ್ರಕರಣ ಎಂಬರ್ಥದ ಒಂದು ಸಾಲು ಬರೆದರು. ಆ ಪುಟ ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ, ಪತಂಗದ ಸಮೇತ.

ಈಗ ನೀವೇ ಯೋಚನೆ ಮಾಡಿ. ‘ತಲೆಗೆ ಹುಳ ಬಿಟ್ಟ’ ಅಂತ ನಾವು ದಿನಾ ಅಂತೀವಿ. ಒಂದು ದಿನ ಯಾರದೋ ತಲೆಗೂದಲಿನಿಂದ ಒಂದು ಕಂಬಳಿಹುಳ ಉದುರಿತು ಅನ್ನಿ. ‘ನೋಡ್ರಪ್ಪ, ಹುಳ ನಿಜವಾಗಲೂ ಇತ್ತು’ ಅಂತ ಪಕ್ಕದವ ಅಂದರೆ ಎಲ್ಲರೂ ನಗುತ್ತಾರೆ. ಯಾಕೆ ನಗುತ್ತಾರೆ? ಮಾತು ಮೊದಲೇ ಬಳಕೆಯಲ್ಲಿತ್ತು, ಅದಕ್ಕೆ. ನೂರು ವರ್ಷ ಬಿಟ್ಟು ಯಾರೋ ಬಂದು, ತಲೆಗೆ ಹುಳ ಬಿಡುವುದು ಎಂಬ ಮಾತು ಹುಟ್ಟಿದ್ದೇ ಆ ಕಂಬಳಿಹುಳದಿಂದ ಅಂತ ಪತ್ರಿಕೆಯಲ್ಲಿ ಬರೆದರೆ ಹೇಗಿರುತ್ತೆ? ನಿಮ್ಮ ಬಾಕ್ಸು ಥೇಟ್ ಹಾಗಿತ್ತು.

ಯಂತ್ರದ ಸಣ್ಣಪುಟ್ಟ ತೊಂದರೆಗೆ ‘ಬಗ್’ ಅನ್ನುವುದು ಅಮೆರಿಕದ ಎಂಜಿನಿಯರುಗಳಲ್ಲಿ ಬಹಳ ಹಳೆಯ ಮಾತು. ಬಲ್ಬಿನ ಥಾಮಸ್ ಎಡಿಸನ್ 1878ರ ನವೆಂಬರಿನಲ್ಲಿ ಬರೆದ ಒಂದು ಕಾಗದದಲ್ಲೇ ಅದಿದೆ. ಯೋಚನೆ ಹೊಳೆಯುವುದು ಸುಲಭ, ಆಮೇಲೆ ಈ ಬಗ್‌ಗಳು ತಲೆ ಎತ್ತುತ್ತವೆ, ತಿಂಗಳುಗಟ್ಟಲೆ ಕೂತು ಅವನ್ನು ತೆಗೆಯಬೇಕು ಎಂಬ ಧಾಟಿಯ ಕಾಗದ. ಪತಂಗಕ್ಕಿಂತ 69 ವರ್ಷ ಮೊದಲು! ಇನ್ನು ಗ್ರೇಸ್ ಹಾಪರ್. ಅವರು ಆ ತಂಡದಲ್ಲಿದ್ದದ್ದು ನಿಜ, ದೊಡ್ಡ ಸಾಧಕಿ ಅನ್ನುವುದೂ ನಿಜ. ಆದರೆ ಪತಂಗ ಹಿಡಿದವರು ಅವರಲ್ಲ. ಅವರು ಮಾಡಿದ್ದು ಆ ಕಥೆಯನ್ನು ಭಾಷಣದಿಂದ ಭಾಷಣಕ್ಕೆ ಹೊತ್ತುಕೊಂಡು ಹೋಗಿದ್ದು. ಚೆನ್ನಾಗಿ ಕಥೆ ಹೇಳುವವರಿಗೆ ಇದೊಂದು ಶಾಪ, ಕೊನೆಗೆ ಕಥೆ ಅವರ ತಲೆಗೇ ಕಟ್ಟಿಕೊಳ್ಳುತ್ತದೆ.

ಈಗ ಹುಳುಕಿನ ವಿಷಯ. ನಮ್ಮ ಪಠ್ಯಗಳಲ್ಲಿ ಬಗ್‌ಗೆ ‘ದೋಷ’ ಅಂತ ಬರೆಯುತ್ತಾರೆ. ದೋಷ ಅಂದರೆ ನನಗೆ ಕುಜದೋಷ, ನಾಗದೋಷ ನೆನಪಾಗುತ್ತೆ, ಶಾಂತಿ ಮಾಡಿಸಬೇಕೇನೋ ಅನಿಸುತ್ತೆ. ಕನ್ನಡದಲ್ಲಿ ಇದಕ್ಕೆ ಹೇಳಿ ಮಾಡಿಸಿದಂಥ ಮಾತೊಂದು ಮೊದಲಿನಿಂದಲೂ ಇದೆ: ಹುಳುಕು. ಹುಳ ಕೊರೆದ ಹಲ್ಲು ಹುಳುಕು ಹಲ್ಲು. ಒಬ್ಬರ ಕೆಲಸದಲ್ಲಿ ತಪ್ಪು ಹುಡುಕಿದರೆ ಹುಳುಕು ಹುಡುಕೋದು. ಅವರ ಬಗ್‌ನಲ್ಲಿ ಕೀಟ ಇದ್ದ ಹಾಗೆ ನಮ್ಮ ಹುಳುಕಿನಲ್ಲಿ ಹುಳ ಕೂತಿದೆ. ಹೊರಗಿನಿಂದ ಸಾಲ ತರುವ ಕೆಲಸವೇ ಇಲ್ಲ. ನಾನು ಲ್ಯಾಬಿನಲ್ಲಿ ‘ಡೀಬಗ್ ಮಾಡ್ರೋ’ ಅನ್ನುವ ಬದಲು ‘ಹುಳುಕು ತೆಗೀರೋ’ ಅಂತಿದ್ದೆ, ಒಬ್ಬನೂ ಅರ್ಥ ಆಗಲಿಲ್ಲ ಅನ್ನಲಿಲ್ಲ.

‘ಪ್ಯಾಚ್’ ಕೂಡ ಹಾಗೇ. ಆ ಕಾಲದಲ್ಲಿ ಪ್ರೋಗ್ರಾಂ ಅಂದರೆ ತೂತು ಹೊಡೆದ ಕಾಗದದ ಪಟ್ಟಿ. ತಪ್ಪು ಜಾಗದಲ್ಲಿ ತೂತು ಬಿದ್ದಿದ್ದರೆ ಅದರ ಮೇಲೆ ಕಾಗದದ ತುಂಡು ಅಂಟಿಸುತ್ತಿದ್ದರು. ಅಂಟಿಸಿದ ತುಂಡೇ ಪ್ಯಾಚ್. ಈಗ ನಿಮ್ಮ ಫೋನಿಗೆ ರಾತ್ರೋರಾತ್ರಿ ಬರುವ ಸೆಕ್ಯುರಿಟಿ ಪ್ಯಾಚ್‌ನ ಅಜ್ಜ ಅದು. ನಮ್ಮಲ್ಲಿ ತೇಪೆ ಅನ್ನುವ ಪದ ಇದೆಯಲ್ಲ, ಹರಿದ ಬಟ್ಟೆಗೂ ಸರಿ, ಹದಗೆಟ್ಟ ರಸ್ತೆಗೂ ಸರಿ. ಸಾಫ್ಟ್‌ವೇರಿಗೆ ಮಾತ್ರ ಯಾಕೆ ಬೇಡ?

ಇನ್ನು ಹ್ಯಾಕರ್. ನನಗೆ ಜಾಸ್ತಿ ಸಂಕಟ ಇರುವುದು ಇಲ್ಲೇ.

ಈ ಪದ ಬೆಳೆದದ್ದು ಎಂಐಟಿಯಲ್ಲಿ. ನಮ್ಮ ಮಣಿಪಾಲದ್ದಲ್ಲ, ಅಮೆರಿಕದ ಮ್ಯಾಸಚೂಸೆಟ್ಸ್‌ನದ್ದು. ಕಂಪ್ಯೂಟರ್ ಡಿಪಾರ್ಟ್‌ಮೆಂಟಿನಲ್ಲಿ ಅಂದುಕೊಂಡರೆ ತಪ್ಪು. ಆಟದ ರೈಲು ಓಡಿಸುವ ಹುಡುಗರ ಕ್ಲಬ್ಬಿನಲ್ಲಿ! ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್ ಅಂತ 1946ರಲ್ಲಿ ಶುರುವಾದ ಸಂಘ. ಯುದ್ಧದ ಕಾಲದಲ್ಲಿ ತರಾತುರಿಯಲ್ಲಿ ಎಬ್ಬಿಸಿದ್ದ 20ನೇ ನಂಬರಿನ ಮರದ ಕಟ್ಟಡದಲ್ಲಿ ಅವರ ಕೋಣೆ. ಮೇಜಿನ ಮೇಲೆ ಪುಟ್ಟ ರೈಲು, ಸ್ಟೇಷನ್ನು, ಗುಡ್ಡ. ಕೆಲವರಿಗೆ ಅದೇ ಇಷ್ಟ, ಬೋಗಿಗೆ ಬಣ್ಣ ಹಚ್ಚುವುದು, ಮರ ನೆಡುವುದು. ಇನ್ನು ಕೆಲವರಿಗೆ ಮೇಜಿನ ಮೇಲಿನದ್ದು ಬೇಡವೇ ಬೇಡ. ಅವರು ಮೇಜಿನ ಕೆಳಗೆ. ಅಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ರಿಲೇಗಳು, ವೈರುಗಳ ಕಾಡು, ಯಾವ ರೈಲು ಯಾವ ಹಳಿಯಲ್ಲಿ ಹೋಗಬೇಕು ಅಂತ ನಿರ್ಧರಿಸುವ ವ್ಯವಸ್ಥೆ. ಸಿಗ್ನಲ್ಸ್ ಅಂಡ್ ಪವರ್ ಅಂತ ಆ ಗುಂಪಿನ ಹೆಸರು. ಮದುವೆ ಮನೆಯಲ್ಲಿ ಚಪ್ಪರದ ಕೆಳಗೆ ಕೂತು ಊಟ ಮಾಡುವುದು ಬಿಟ್ಟು ಜನರೇಟರ್ ಹತ್ತಿರ ಹೋಗಿ ನಿಲ್ಲುವ ಹುಡುಗರು ಇರುತ್ತಾರಲ್ಲ, ಅಂಥವರು.

1955ರ ಏಪ್ರಿಲ್‌ನಲ್ಲಿ ಆ ಕ್ಲಬ್ಬಿನ ಮೀಟಿಂಗ್ ನಡಾವಳಿಯಲ್ಲಿ ಒಂದು ಸಾಲು ಬರುತ್ತದೆ. ಎಲೆಕ್ಟ್ರಿಕಲ್ ಸಿಸ್ಟಮ್ಮಿನ ಮೇಲೆ ಕೆಲಸ ಮಾಡುವವರು, ಹ್ಯಾಕ್ ಮಾಡುವವರು, ದಯವಿಟ್ಟು ಪವರ್ ಆಫ್ ಮಾಡಿಕೊಳ್ಳಿ, ಫ್ಯೂಸ್ ಹೋಗುತ್ತೆ ಅಂತ. ಅಷ್ಟೇ. ಕೆಲಸ ಮಾಡುವುದು ಬೇರೆ, ಹ್ಯಾಕ್ ಮಾಡುವುದು ಬೇರೆ ಎಂಬ ಭೇದ ಆಗಲೇ ಇತ್ತು ನೋಡಿ. 1959ರಲ್ಲಿ ಪೀಟರ್ ಸ್ಯಾಮ್ಸನ್ ಎಂಬ ಸದಸ್ಯ ಕ್ಲಬ್ಬಿನ ಮಾತುಗಳಿಗೆ ಒಂದು ಚಿಕ್ಕ ನಿಘಂಟು ಬರೆದ. ಅದರಲ್ಲಿ ಹ್ಯಾಕ್ ಅಂದರೆ ಏನೂ ಉಪಯೋಗವಿಲ್ಲದೆ ಮಾಡಿದ ಕೆಲಸ, ತನಗೆ ತಾನೇ ಕೊಟ್ಟುಕೊಂಡ ಕೆಟ್ಟ ಸಲಹೆಯಿಂದ ಕೈಗೆತ್ತಿಕೊಂಡ ಕೆಲಸ. ಎಷ್ಟು ಮಜಾ ಇದೆ ಅಲ್ವಾ? ಕಳ್ಳತನದ ಸುಳಿವೂ ಇಲ್ಲ. ಕನ್ನಡದಲ್ಲಿ ಇದಕ್ಕೆ ತೀರಾ ಹತ್ತಿರದ ಪದ ಯಾವುದು ಅಂತ ಬಹಳ ದಿನ ಯೋಚಿಸಿದ್ದೇನೆ. ನನ್ನ ಮತ ‘ಕಿತಾಪತಿ’ಗೆ. ಬುದ್ಧಿ ಇದ್ದವನೇ ಮಾಡಬೇಕು, ಮಾಡಿದ್ದಕ್ಕೆ ಬೈಗುಳವೂ ಬೀಳಬೇಕು, ಬೈಯುವವರಿಗೂ ಒಳಗೊಳಗೆ ಮೆಚ್ಚುಗೆ ಇರಬೇಕು.

ಈ ರೈಲು ಹುಡುಗರ ಕೈಗೆ ಕಂಪ್ಯೂಟರ್ ಸಿಕ್ಕಿದ್ದು ಹೇಗೆ ಅಂತಲೂ ಹೇಳಬೇಕು. ಆಗ ಎಂಐಟಿಯಲ್ಲಿದ್ದ ಐಬಿಎಂ 704 ಯಂತ್ರವನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಕಾರ್ಡುಗಳಲ್ಲಿ ತೂತು ಹೊಡೆಸಿ ಕಿಟಕಿಯಲ್ಲಿ ಕೊಡಬೇಕು, ಗರ್ಭಗುಡಿಗೆ ಹಣ್ಣುಕಾಯಿ ಕೊಟ್ಟ ಹಾಗೆ. ಒಳಗಿನವರು ಪೂಜೆ ಮುಗಿಸಿ ಪ್ರಸಾದ ಕೊಟ್ಟಾಗ ನಿಮ್ಮ ತಪ್ಪು ನಿಮಗೆ ಗೊತ್ತಾಗುತ್ತಿತ್ತು. 1958ರಲ್ಲಿ ಟಿಎಕ್ಸ್-0 ಎಂಬ ಯಂತ್ರ ಬಂತು. ಟ್ರಾನ್ಸಿಸ್ಟರ್‌ನದ್ದು, ನೇರವಾಗಿ ಮುಂದೆ ಕೂತು ಬಳಸಬಹುದಾಗಿದ್ದದ್ದು. ಹಗಲು ದೊಡ್ಡವರಿಗೆ, ರಾತ್ರಿ ಖಾಲಿ. ಹುಡುಗರು ರಾತ್ರಿ ಬಂದರು. 1961ರಲ್ಲಿ ಡಿಇಸಿ ಎಂಬ ಕಂಪ್ಯೂಟರ್ ಕಂಪನಿ ತನ್ನ ಪಿಡಿಪಿ-1 ಯಂತ್ರವನ್ನು ಕಾಣಿಕೆಯಾಗಿ ಕೊಟ್ಟಿತು, 1962ರ ಹೊತ್ತಿಗೆ ಸ್ಟೀವ್ ರಸೆಲ್ ಮತ್ತು ಗೆಳೆಯರು ಅದರಲ್ಲಿ ಸ್ಪೇಸ್‌ವಾರ್ ಎಂಬ ಆಟ ಮಾಡಿ ಕೂರಿಸಿದರು. ಆಟದ ಹಿನ್ನೆಲೆಯಲ್ಲಿ ನಕ್ಷತ್ರಗಳು ಎಲ್ಲೆಂದರಲ್ಲಿ ಚೆಲ್ಲಿದ ಹಾಗಿದ್ದವು, ಅದನ್ನು ಸಹಿಸದ ಸ್ಯಾಮ್ಸನ್ ನಿಜವಾದ ಆಕಾಶದ ನಕ್ಷತ್ರಗಳನ್ನೇ ಅವುಗಳ ಜಾಗದಲ್ಲಿ ಕೂರಿಸುವ ಪ್ರೋಗ್ರಾಂ ಬರೆದ. ಅದಕ್ಕೆ ಇಟ್ಟ ಹೆಸರು ‘ದುಬಾರಿ ತಾರಾಲಯ’. ಅದೇ ಯಂತ್ರದಲ್ಲಿ ಕಾಗದ ಟೈಪ್ ಮಾಡಲು ಬರೆದ ಪ್ರೋಗ್ರಾಮಿನ ಹೆಸರು ‘ದುಬಾರಿ ಟೈಪ್‌ರೈಟರ್’. ಯಂತ್ರದ ಬೆಲೆ 1,20,000 ಡಾಲರ್, ಸುಳ್ಳೇನಲ್ಲ ಬಿಡಿ.

ಹಾಗಾದರೆ ಹ್ಯಾಕರ್ ಕಳ್ಳ ಆಗಿದ್ದು ಯಾವಾಗ? ಎಲ್ಲ ಪಾಪವನ್ನೂ ಪತ್ರಿಕೆಯವರ ಮೇಲೆ ಹಾಕಲು ನನಗೂ ಆಸೆ ಇತ್ತು, ಆದರೆ ಆಗುವುದಿಲ್ಲ. 1963ರ ನವೆಂಬರಿನಲ್ಲೇ ಎಂಐಟಿಯ ವಿದ್ಯಾರ್ಥಿ ಪತ್ರಿಕೆ, ‘ಹ್ಯಾಕರ್’ ಅನ್ನಿಸಿಕೊಂಡವರ ದೆಸೆಯಿಂದ ಕ್ಯಾಂಪಸ್ಸಿನ ಟೆಲಿಫೋನ್ ಸೌಲಭ್ಯಗಳನ್ನು ಕಡಿತ ಮಾಡಬೇಕಾಯಿತು ಅಂತ ವರದಿ ಮಾಡಿದೆ. ಕಂಪ್ಯೂಟರಿನಿಂದ ಫೋನ್ ಲೈನುಗಳ ಜೊತೆ ಚೆಲ್ಲಾಟ ಆಡಿದ್ದರಂತೆ. ಅಂದರೆ ಕಿತಾಪತಿ ಮಿತಿ ಮೀರಿದ್ದು ಆಗಲೇ. ಆದರೆ ಊರಿಗೆಲ್ಲ ಕೆಟ್ಟ ಹೆಸರಾದದ್ದು 1983ರಲ್ಲಿ. ಮಿಲ್ವಾಕಿ ಊರಿನ ಹುಡುಗರ ಒಂದು ಗುಂಪು, ತಮ್ಮ ಊರಿನ ಎಸ್‌ಟಿಡಿ ಕೋಡ್ 414 ಅನ್ನೇ ಗುಂಪಿನ ಹೆಸರು ಮಾಡಿಕೊಂಡವರು, ಅಮೆರಿಕದ ಅಣ್ವಸ್ತ್ರಗಳ ಲಾಸ್ ಅಲಮೋಸ್ ಪ್ರಯೋಗಾಲಯವೂ ಸೇರಿ ಹಲವು ಕಡೆಯ ಕಂಪ್ಯೂಟರುಗಳಿಗೆ ನುಗ್ಗಿ ಸಿಕ್ಕಿಬಿದ್ದರು. ಅದೇ ವರ್ಷ ಇಂಥದ್ದೇ ವಿಷಯದ ಸಿನಿಮಾನೂ ಬಂತು. ಆಮೇಲೆ ಕೇಳಬೇಕಾ? ಹಳೆಯ ಹ್ಯಾಕರುಗಳು ಅಂಥವರಿಗೆ ‘ಕ್ರ್ಯಾಕರ್’ ಅನ್ನಿ ಅಂತ ಎಷ್ಟೋ ಸಲ ಗೋಗರೆದರು. ನಮ್ಮಲ್ಲಿ ಕ್ರ್ಯಾಕರ್ ಅಂದರೆ ಪಟಾಕಿ, ಅಲ್ಲಿಗೂ ಅದು ಹತ್ತಲಿಲ್ಲ.

ಆದ್ದರಿಂದ ಹ್ಯಾಕರ್ ಪದವನ್ನು ಪೂರ್ತಿ ಬಿಡಿ ಅಂತ ನಾನು ಕೇಳುತ್ತಿಲ್ಲ. ಯಾರಾದರೂ ಬ್ಯಾಂಕಿನ ಸರ್ವರಿಗೇ ಕನ್ನ ಹಾಕಿದರೆ ಹ್ಯಾಕರ್ ಅಂತ ಬರೆಯಿರಿ, ಗೊಣಗಿಕೊಂಡು ಸುಮ್ನಿರುತ್ತೇನೆ. ಫೋನ್ ಮಾಡಿ ಓಟಿಪಿ ಕೇಳಿದವನಿಗೆ ಮಾತ್ರ ಆ ಮರ್ಯಾದೆ ಬೇಡ. ಅವನು ವಂಚಕ. ಹ್ಯಾಕರ್ ಅಂತ ಬರೆದರೆ ಓದಿದವರು ಏನಂದುಕೊಳ್ಳುತ್ತಾರೆ ಗೊತ್ತಾ, ಅದೇನೋ ಮಾಯಾಮಂತ್ರ, ನಮ್ಮ ಕೈಲೇನೂ ಇಲ್ಲ ಅಂತ. ನಮ್ಮ ಪಕ್ಕದ ಮನೆ ಅಜ್ಜಿ ಹಾಗೇ ಹೆದರಿ ಫೋನ್ ಸ್ವಿಚ್ ಆಫ್ ಮಾಡಿ ಅಕ್ಕಿ ಡಬ್ಬಿಯಲ್ಲಿಟ್ಟಿದ್ದಾರೆ. ‘ನಂಬರ್ ಕೇಳಿದರು, ಇವರು ಹೇಳಿದರು’ ಅಂತ ತಲೆಬರಹ ಕೊಟ್ಟಿದ್ದರೆ ಅವರು ನಂಬರ್ ಹೇಳಬಾರದು ಅಂತ ಕಲಿಯುತ್ತಿದ್ದರು.

ಟೈಪ್‌ರೈಟರ್ ಅಂದೆನಲ್ಲ, ಅದು ನನ್ನ ಕಾಲದವರಿಗೆ ಹತ್ತಿರದ ವಿಷಯ. ಪಿಯುಸಿ ಮುಗಿಸಿದವರೆಲ್ಲ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಲೇಬೇಕಿದ್ದ ಕಾಲ. ಬೆಳಗ್ಗೆ ಆರಕ್ಕೇ ಎ ಎಸ್ ಡಿ ಎಫ್ ಬಡಿಯಬೇಕು. ಸಾಲು ಮುಗಿಯಲು ಬಂದಾಗ ಟಿಣ್ ಅಂತ ಗಂಟೆ, ಎಡಗೈಯಿಂದ ಸನ್ನೆಯನ್ನು ತಳ್ಳಿದರೆ ಕ್ಯಾರಿಯೇಜ್ ಸರ್ರನೆ ಶುರುವಿಗೆ ಬರುತ್ತಿತ್ತು, ಅದೇ ಏಟಿಗೆ ಕಾಗದ ಒಂದು ಸಾಲು ಮೇಲೆ ಹೋಗುತ್ತಿತ್ತು. ಆ ಒಂದು ಏಟನ್ನು ಟೆಲಿಪ್ರಿಂಟರಿನವರು ಎರಡು ಮಾಡಿದರು. ಹಿಂದಕ್ಕೆ ಬರುವುದಕ್ಕೆ ಒಂದು ಸಂಕೇತ, ಕಾಗದ ಏರಿಸುವುದಕ್ಕೆ ಇನ್ನೊಂದು. ಕಂಪ್ಯೂಟರಿಗೂ ಅದೇ ಬಂತು: ಆಸ್ಕಿಯಲ್ಲಿ, ಅಂದರೆ ಒಂದೊಂದು ಅಕ್ಷರಕ್ಕೂ ಒಂದು ನಂಬರ್ ಕೊಡುವ ಪಟ್ಟಿಯಲ್ಲಿ, 13 ಅಂದರೆ ಕ್ಯಾರಿಯೇಜ್ ರಿಟರ್ನ್, 10 ಅಂದರೆ ಲೈನ್ ಫೀಡ್, 7 ಅಂದರೆ ಆ ಗಂಟೆ. ಆಪರೇಟಿಂಗ್ ಸಿಸ್ಟಂಗಳಲ್ಲಿ ಯುನಿಕ್ಸಿನವರು, ಅದರ ದಾರಿ ಹಿಡಿದ ಲಿನಕ್ಸಿನವರು, ಸಾಲು ಮುರಿಯಲು 10 ಒಂದೇ ಸಾಕು ಅಂದರು, ಡಾಸ್ ಮತ್ತು ವಿಂಡೋಸ್ ಎರಡನ್ನೂ ಇಟ್ಟುಕೊಂಡವು. ಪರಿಣಾಮ, ನಮ್ಮ ಲ್ಯಾಬಿನಲ್ಲಿ ಹುಡುಗರು ಲಿನಕ್ಸಿನಲ್ಲಿ ಬರೆದ ಪ್ರೋಗ್ರಾಮನ್ನು ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ತೆರೆದರೆ ಎಲ್ಲ ಸಾಲೂ ಸೇರಿ ಒಂದೇ ಉದ್ದದ ರೈಲು. ‘ಸಾರ್, ವೈರಸ್ ಬಂದಿದೆ’ ಅಂತ ಓಡಿ ಬರುತ್ತಿದ್ದರು. ವೈರಸ್ಸೂ ಇಲ್ಲ, ಮಣ್ಣೂ ಇಲ್ಲ, ಕ್ಯಾರಿಯೇಜ್ ವಾಪಸ್ ಬಂದಿರಲಿಲ್ಲ ಅಷ್ಟೇ. ನೋಟ್‌ಪ್ಯಾಡ್ ಇದನ್ನು ಸರಿಯಾಗಿ ಓದಲು ಕಲಿತದ್ದು 2018ರಲ್ಲಿ. ಪರದೆಯ ಮೇಲೆ ಅಕ್ಷರ ಮೂಡಿಸುವ ಆಜ್ಞೆಗೆ ಇವತ್ತಿಗೂ ‘ಪ್ರಿಂಟ್’ ಅನ್ನುತ್ತಾರೆ. ಆಗ ಪರದೆ ಎಲ್ಲಿತ್ತು, ಉತ್ತರ ಬರುತ್ತಿದ್ದದ್ದು ಕಾಗದದ ಮೇಲೆ ತಾನೇ.

ಇನ್ನೊಂದು ಪಿಡುಗು, ಫುಲ್ ಫಾರ್ಮು. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ, ವಾಟ್ಸ್ಆ್ಯಪ್ ಫಾರ್ವರ್ಡುಗಳಲ್ಲಿ ‘ಕಂಪ್ಯೂಟರ್’ ಪದಕ್ಕೇ ಫುಲ್ ಫಾರ್ಮ್ ಕೊಟ್ಟಿರುತ್ತಾರೆ, ಒಂದೊಂದು ಅಕ್ಷರಕ್ಕೆ ಒಂದೊಂದು ಪದ. ದಯವಿಟ್ಟು ನಂಬಬೇಡಿ. ಕಂಪ್ಯೂಟರ್ ಅಂದರೆ ಲೆಕ್ಕ ಮಾಡುವವರು, ಅಷ್ಟೇ. ಯಂತ್ರ ಬರುವ ಮುಂಚೆ ಅದು ಮನುಷ್ಯರು ಮಾಡುವ ಉದ್ಯೋಗದ ಹೆಸರು, ಆ ಉದ್ಯೋಗದಲ್ಲಿ ಹೆಂಗಸರು ಬಹಳ ಇದ್ದರು. ಇನ್ನೊಂದು ಕಂಪ್ಯೂಟರ್ ಓಗೊಡುತ್ತದೋ ಇಲ್ಲವೋ ಅಂತ ಕೂಗಿ ನೋಡುವ ಪ್ರೋಗ್ರಾಂ ‘ಪಿಂಗ್’ಗೂ ಹೀಗೇ ಯಾರೋ ಫುಲ್ ಫಾರ್ಮ್ ಹೊಲಿದು ತೊಡಿಸಿದ್ದಾರೆ. 1983ರ ಡಿಸೆಂಬರಿನಲ್ಲಿ ಅದನ್ನು ಬರೆದ ಮೈಕ್ ಮಸ್ ಹೆಸರಿಟ್ಟಿದ್ದು ಜಲಾಂತರ್ಗಾಮಿಗಳು ಸದ್ದು ಬಿಟ್ಟು ಅದರ ಮಾರ್ದನಿ ಕೇಳುವ ಸೋನಾರ್ ನೆನೆದು. ಸೊನ್ನೆ ಅಥವಾ ಒಂದು ಆಗಿರುವ ‘ಬಿಟ್’ಗಳ ಗುಂಪಿಗೆ ಅನ್ನುವ ‘ಬೈಟ್’, ಐಬಿಎಂನ ವರ್ನರ್ ಬುಕೋಲ್ಟ್ಸ್ 1956ರಲ್ಲಿ ಕೊಟ್ಟ ಹೆಸರು. ಬಾಯಿಗೆ ಹಾಕಿಕೊಳ್ಳುವ ತುತ್ತಿನ ಅರ್ಥದ ಪದವೇ, ಆದರೆ ‘ಬಿಟ್’ ಜೊತೆ ಕಲಸಿಹೋಗಬಾರದು ಅಂತ ಬೇಕೆಂದೇ ಸ್ಪೆಲ್ಲಿಂಗ್ ಬದಲಿಸಿದರು. ಪ್ರೋಗ್ರಾಮಿಂಗ್ ಪಠ್ಯಪುಸ್ತಕದ ಉದಾಹರಣೆಗಳಲ್ಲೆಲ್ಲ ಸುಮ್ನೆ ಒಂದು ಹೆಸರು ಬೇಕು ಅಂತ ಹಾಕುವ ‘ಫೂ’ ಅಂತೂ 1930ರ ದಶಕದ ಅಮೆರಿಕನ್ ಕಾಮಿಕ್ಸಿನಲ್ಲಿ ಅರ್ಥವಿಲ್ಲದೆ ಓಡಾಡಿಕೊಂಡಿದ್ದ ಪದ, ರೈಲು ಕ್ಲಬ್ಬಿನವರ ಬಾಯಿಗೂ ಬಿತ್ತು. ಅದರ ಹುಟ್ಟಿನ ಬಗ್ಗೆ ಇಂಟರ್ನೆಟ್ ಮಾನದಂಡಗಳ ಸಾಲಿನಲ್ಲೇ ಒಂದು ಅಧಿಕೃತ ನಂಬರಿನ ದಾಖಲೆ ಇದೆ, 3092. ಪ್ರಕಟವಾದ ದಿನ 2001ರ ಏಪ್ರಿಲ್ 1.

ಇಂಥ ಮಾತುಗಳನ್ನೆಲ್ಲ ಕಾಪಿಟ್ಟವರೂ ಹಳೆಯ ಹ್ಯಾಕರುಗಳೇ. 1975ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ರಾಫೆಲ್ ಫಿಂಕೆಲ್ ಎಂಬವರು ‘ಜಾರ್ಗನ್ ಫೈಲ್’ ಅಂತ ಒಂದು ಫೈಲ್ ಶುರು ಮಾಡಿದರು. ಅದು ಎಂಐಟಿಗೆ ಹೋಯಿತು, ಅಲ್ಲಿನವರೂ ಸೇರಿಸಿದರು, 1983ರಲ್ಲಿ ಗೈ ಸ್ಟೀಲ್ ಮುತುವರ್ಜಿಯಲ್ಲಿ ಪುಸ್ತಕ ಆಯಿತು. ಸ್ಟೀಲ್ ಹೇಳಿದ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಎಂಐಟಿಯ ಒಂದು ಕಂಪ್ಯೂಟರಿನ ಚೌಕಟ್ಟಿಗೆ ಯಾರೋ ಅಂಟಿಸಿದ್ದ ಸ್ವಿಚ್. ಅದರ ಎರಡು ಕಡೆ ಪೆನ್ಸಿಲ್ಲಿನಲ್ಲಿ ಬರೆದಿತ್ತು, ಒಂದು ಕಡೆ ‘ಮ್ಯಾಜಿಕ್’, ಇನ್ನೊಂದು ಕಡೆ ‘ಇನ್ನಷ್ಟು ಮ್ಯಾಜಿಕ್’. ಆಗ ಅದು ‘ಇನ್ನಷ್ಟು’ ಕಡೆಗಿತ್ತು. ನೋಡಿದರೆ ಸ್ವಿಚ್ಚಿಗೆ ಒಂದೇ ವೈರು. ಒಂದೇ ವೈರಿನ ಸ್ವಿಚ್ಚಿನಿಂದ ಏನೂ ಆಗುವ ಹಾಗಿಲ್ಲ, ಐಟಿಐ ಹುಡುಗನಿಗೂ ಗೊತ್ತು. ಯಾರದೋ ತಮಾಷೆ ಅಂದುಕೊಂಡು ಒತ್ತಿದರು, ಕಂಪ್ಯೂಟರ್ ಪಟ್ ಅಂತ ನಿಂತಿತು. ಕಾಕತಾಳೀಯ ಅಂದುಕೊಂಡರು. ವರ್ಷ ಕಳೆದು ಇನ್ನೊಬ್ಬರಿಗೆ ತೋರಿಸಲು ಮತ್ತೆ ಒತ್ತಿದರು, ಮತ್ತೆ ನಿಂತಿತು. ಕೊನೆಗೆ ವೈರನ್ನೇ ಕತ್ತರಿಸಿದರು, ಯಂತ್ರ ಸುಸೂತ್ರ ನಡೆಯಿತು. ವೈರಿನ ಇನ್ನೊಂದು ತುದಿ ಗ್ರೌಂಡ್ ಪಿನ್ನಿಗೆ ಹೋಗಿತ್ತು, ಸ್ವಿಚ್ಚಿನ ಲೋಹದ ಮೈ ಚೌಕಟ್ಟಿಗೆ ತಗಲಿತ್ತು, ಅದರಿಂದ ಏನಾದರೂ ಆಗಿರಬಹುದು ಅಂತ ಆಮೇಲಿನ ವಿವರಣೆ. ಸ್ಟೀಲ್ ಆ ಸ್ವಿಚ್ಚನ್ನು ಮನೆಗೆ ತಂದಿಟ್ಟುಕೊಂಡರಂತೆ, ಸಾಮಾನ್ಯವಾಗಿ ‘ಇನ್ನಷ್ಟು ಮ್ಯಾಜಿಕ್’ ಕಡೆಗೇ ಇಡುತ್ತಾರಂತೆ. ನಗಬೇಡಿ. ಆಯುಧಪೂಜೆ ದಿನ ನಮ್ಮ ಲ್ಯಾಬಿನ ಸರ್ವರಿಗೆ ಕುಂಕುಮ ಹಚ್ಚಿ ನಿಂಬೆಹಣ್ಣು ಇಡುತ್ತಿದ್ದವನು ನಾನೇ. ಒಂದು ವರ್ಷ ಮರೆತಿದ್ದೆ, ಆ ವಾರ ಹಾರ್ಡ್‌ಡಿಸ್ಕ್ ಹೋಯಿತು. ವಿವರಣೆ ನನ್ನ ಹತ್ತಿರಾನೂ ಇದೆ, ಡಿಸ್ಕ್ ಹಳೆಯದಾಗಿತ್ತು. ಆದರೂ ಮುಂದಿನ ವರ್ಷ ಎರಡು ನಿಂಬೆಹಣ್ಣು ಇಟ್ಟೆ.

ಕೇಳಿದರೆ ನಂಬಲಾಗದ, ಆದರೆ ಕಾರಣ ಪಕ್ಕಾ ಸಿಕ್ಕಿದ ಪ್ರಸಂಗವೂ ಉಂಟು. 1990ರ ದಶಕದಲ್ಲಿ ನಾರ್ತ್ ಕ್ಯಾರೊಲೈನಾದ ವಿಶ್ವವಿದ್ಯಾಲಯದಲ್ಲಿ ಟ್ರೇ ಹ್ಯಾರಿಸ್ ಎಂಬವರು ಈಮೇಲ್ ವ್ಯವಸ್ಥೆ ನೋಡಿಕೊಳ್ಳುತ್ತಿದ್ದರು. ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರು ಫೋನ್ ಮಾಡಿ, ನಮ್ಮ ವಿಭಾಗದಿಂದ ಈಮೇಲ್ 500 ಮೈಲಿಗಿಂತ ದೂರ ಹೋಗುತ್ತಿಲ್ಲ ಅಂದರು. ಸುಮಾರು 800 ಕಿಲೋಮೀಟರ್. ಈಮೇಲಿಗೆ ದೂರ ಎಂಥದ್ದು, ಅದೇನು ಕೆಂಪು ಬಸ್ಸಾ, ಡೀಸೆಲ್ ಮುಗಿಯಲು? ಆದರೆ ಅವರು ಸಂಖ್ಯಾಶಾಸ್ತ್ರದವರು, ಸುಮ್ನೆ ಹೇಳಿದ್ದಲ್ಲ, ದಿನಗಟ್ಟಲೆ ಲೆಕ್ಕ ಇಟ್ಟು ಆಮೇಲೆ ಫೋನ್ ಮಾಡಿದ್ದರು. ಹ್ಯಾರಿಸ್ ತಾವೇ ಕಳಿಸಿ ನೋಡಿದರು. ಹತ್ತಿರದ ಊರುಗಳಿಗೆ ಹೋಯಿತು, ದೂರದ್ದಕ್ಕೆ ಇಲ್ಲ. ಕೊನೆಗೆ ಗೊತ್ತಾಗಿದ್ದು ಇಷ್ಟು. ಯಾರೋ ಸರ್ವರಿನ ಆಪರೇಟಿಂಗ್ ಸಿಸ್ಟಂ ಹೊಸದು ಮಾಡುವಾಗ ಮೇಲ್ ಕಳಿಸುವ ಪ್ರೋಗ್ರಾಂ ಹಳೆಯ ಆವೃತ್ತಿಗೆ ಹೋಗಿದೆ. ಹೊಸ ಸೆಟಿಂಗ್ ಫೈಲು ಹಳೆಯದಕ್ಕೆ ಅರ್ಥವಾಗಿಲ್ಲ. ಆಚೆಯವರ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಅನ್ನುವಲ್ಲಿ ಸೊನ್ನೆ ಕೂತಿದೆ. ಆ ಯಂತ್ರದಲ್ಲಿ ಸೊನ್ನೆ ಅಂದರೆ ಮೂರು ಮಿಲಿಸೆಕೆಂಡಿಗಿಂತ ಚೂರು ಜಾಸ್ತಿ. ಸಂಕೇತ ಎಷ್ಟೇ ಓಡಿದರೂ ಬೆಳಕಿಗಿಂತ ಜೋರಾಗಿ ಓಡಲಾರದು, ಮೂರು ಮಿಲಿಸೆಕೆಂಡಿನಲ್ಲಿ ಬೆಳಕು ಹೋಗುವ ದೂರ ಸುಮಾರು 559 ಮೈಲಿ. ಅಷ್ಟರೊಳಗೆ ಸಂಪರ್ಕ ಸಿಕ್ಕರೆ ಮೇಲ್ ಹೋಯಿತು, ಇಲ್ಲದಿದ್ದರೆ ಕೈಬಿಟ್ಟಿತು. ಕಥೆಯ ಓಟಕ್ಕಾಗಿ ಕೆಲವು ವಿವರ ಬದಲಿಸಿದ್ದೇನೆ ಅಂತ ಹ್ಯಾರಿಸ್ ತಾವೇ ಒಪ್ಪಿಕೊಂಡಿದ್ದಾರೆ. ನಿಮ್ಮ ಬಾಕ್ಸಿಗೆ ಇಂಥದ್ದು ಹಾಕಿ ನೋಡಿ. ಪತಂಗದ ಕಥೆಯನ್ನು ಎಲ್ಲರೂ ಥಟ್ಟನೆ ನಂಬುತ್ತಾರೆ, ಇದನ್ನು ಯಾರೂ ನಂಬುವುದಿಲ್ಲ.

ತಮಾಷೆಯನ್ನು ನಿಜ ಅಂದುಕೊಂಡವರಲ್ಲಿ ನೀವೇ ಮೊದಲಿಗರಲ್ಲ, ಸಮಾಧಾನ ಮಾಡಿಕೊಳ್ಳಿ. 1982ರ ಸೆಪ್ಟೆಂಬರಿನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಕಂಪ್ಯೂಟರಿನ ಸೂಚನಾ ಫಲಕದಲ್ಲಿ ಹರಟುತ್ತಿದ್ದರು. ಲಿಫ್ಟಿನ ಹಗ್ಗ ಕಡಿದರೆ ಒಳಗಿನ ಪಾದರಸದ ಹನಿ ಏನಾಗುತ್ತೆ ಎಂಬ ಫಿಸಿಕ್ಸ್ ತರಲೆ. ಒಬ್ಬ ತಮಾಷೆಗೆ, ಪ್ರಯೋಗದ ದೆಸೆಯಿಂದ ಎಡಗಡೆಯ ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ ಅಂತ ಬರೆದ. ಹಿಂದುಮುಂದು ಓದದ ಕೆಲವರು ಅದನ್ನು ನಿಜವಾದ ಎಚ್ಚರಿಕೆ ಅಂದುಕೊಂಡರು. ತಮಾಷೆಗೆ ಒಂದು ಗುರುತು ಬೇಕು ಅಂತ ಚರ್ಚೆ ಎದ್ದಿತು. ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್ಮನ್ ಎಂಬ ಅಧ್ಯಾಪಕರು ಒಂದು ಗುರುತು ಸೂಚಿಸಿದರು, ತಲೆ ವಾಲಿಸಿ ಓದಿ ಅಂತಲೂ ಹೇಳಿದರು.

ಅದು ಹೀಗಿದೆ :-)

ಹಾರ್ವರ್ಡಿನ ಆಪರೇಟರುಗಳ ಹತ್ತಿರ ಆಗ ಇದು ಇರಲಿಲ್ಲ. ನಿಮ್ಮ ಹತ್ತಿರ ಇದೆ. ಪತಂಗದ ಕಥೆಯನ್ನು ಮತ್ತೆ ಹಾಕುವುದಿದ್ದರೆ ಆ ಸಾಲಿನ ಕೊನೆಗೆ ಇದನ್ನೂ ಹಾಕಿ.

ಇತಿ,
ನಿಮ್ಮ ಹಳೆಯ ಓದುಗ,
ನಿವೃತ್ತ ಲ್ಯಾಬ್ ಇನ್‌ಸ್ಟ್ರಕ್ಟರ್, ಶಿವಮೊಗ್ಗ

ತಾ.ಕ.: ಈ ಪತ್ರದಲ್ಲಿ ಹುಳುಕು ಸಿಕ್ಕರೆ ಖಂಡಿತ ತಿಳಿಸಿ. ಪುಟಕ್ಕೆ ಅಂಟಿಸಿಟ್ಟುಕೊಳ್ಳಲು ಟೇಪ್ ತಂದಿಟ್ಟಿದ್ದೇನೆ.